ಬಾಸ್ಕೆಟ್ ಬೀಳುತ್ತಿಲ್ಲ, ತಂಡ ಬಿಡಲಾ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಸೆಕೆಂಡ್ ಪಿಯು ಓದುತ್ತಿದ್ದೇನೆ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೇನೆ, ಆದರೆ ಮ್ಯಾಚ್ ಪೂರ್ತಿ ಬೆಂಚಿನಲ್ಲೇ. ಕೊನೆಗೆ ಎರಡು ನಿಮಿಷ ಇಳಿಸುತ್ತಾರೆ. ಹಾಕಿದ ಶಾಟ್ ಬೀಳುವುದಿಲ್ಲ. ಗೆಳತಿಯರು 'ನೀರು ಕೊಡೋಳು' ಎಂದು ಕರೆಯುತ್ತಾರೆ. ನಿನಗೆ ಸುಸ್ತೇ ಆಗಲ್ವಲ್ಲ ಎಂದು ಸರ್ ಒಮ್ಮೆ ಹೇಳಿದ್ದರು, ಅಷ್ಟೇ. ಇದು ಓದುವ ವರ್ಷ, ಆಟ ಬಿಡು ಎನ್ನುತ್ತಾರೆ ಅಪ್ಪ. ಬಿಟ್ಟುಬಿಡಲಾ?

ಉತ್ತರ: ಈಗಲೇ ಬಿಡಬೇಡ. ಗೆಳತಿಯರ ಮಾತು ನಿನ್ನನ್ನು ತುಂಬಾ ನೋಯಿಸಿದೆ. ಹಾಗೆ ಕರೆಯಬೇಡಿ ಎಂದು ನೇರವಾಗಿ ಹೇಳು, ನುಂಗಿಕೊಂಡು ಇರಬೇಡ.

ಸರ್ ಹೇಳಿದ ಮಾತನ್ನು 'ಅಷ್ಟೇ' ಎಂದು ಬರೆದಿದ್ದೀಯ. ನನಗೆ ಇಡೀ ಪತ್ರದಲ್ಲಿ ಅದೇ ದೊಡ್ಡದಾಗಿ ಕಂಡಿತು. ಸುಸ್ತಾಗದೆ ಓಡುವವಳು ಎದುರು ತಂಡದ ಒಳ್ಳೆಯ ಶೂಟರ್ ಬೆನ್ನು ಬಿಡದೆ ಕಾಯಬಲ್ಲಳು. ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್ ಆಟ ಅದು. ಮೂರನೇ ಕ್ವಾರ್ಟರ್ ಹೊತ್ತಿಗೆ ಆ ಹುಡುಗಿಗೆ ಏದುಸಿರು ಬಂದರೆ ಅವಳ ಶಾಟ್‌ಗಳೂ ತಪ್ಪುತ್ತವೆ. ಅದೂ ನಿಮ್ಮ ತಂಡದ ಲಾಭವೇ ಅಲ್ವಾ? ಸ್ಕೋರ್ ಶೀಟಿನಲ್ಲಿ ನಿನ್ನ ಹೆಸರಿನ ಮುಂದೆ ಬರುವುದಿಲ್ಲ, ನಿಜ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಬೆನ್ ವಾಲೇಸ್ ಬಗ್ಗೆ ಓದು. ಅಲ್ಲಿನ ದೊಡ್ಡ ಲೀಗ್ ಎನ್‌ಬಿಎ. ಅದರ ತಂಡಗಳು ಹೊಸ ಆಟಗಾರರನ್ನು ಆರಿಸುವ 1996ರ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರನ್ನು ಆರಿಸಲಿಲ್ಲ. ಶೂಟಿಂಗ್ ಅವರಿಗೆ ಕೊನೆವರೆಗೂ ಒಲಿಯಲಿಲ್ಲ, ಮ್ಯಾಚಿಗೆ ಸರಾಸರಿ 5.7 ಪಾಯಿಂಟ್ ಮಾತ್ರ. ಆದರೂ ರಿಬೌಂಡ್ (ತಪ್ಪಿದ ಶಾಟಿನ ಬಾಲ್ ಹಿಡಿಯುವುದು), ಡಿಫೆನ್ಸ್ ಎರಡನ್ನೇ ಹಿಡಿದು 4 ಸಲ ವರ್ಷದ ಅತ್ಯುತ್ತಮ ಡಿಫೆಂಡರ್ ಆದರು. 2004ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಜೊತೆ ಚಾಂಪಿಯನ್ ಆದರು.

ಸರ್ ಒಬ್ಬರೇ ಇದ್ದಾಗ ಹೋಗಿ ಮಾತಾಡು. 'ನನ್ನನ್ನು ಯಾಕೆ ಇಳಿಸಲ್ಲ' ಎಂದು ಕೇಳಬೇಡ. 'ಪ್ರಾಕ್ಟೀಸ್‌ನಲ್ಲಿ ನಮ್ಮ ಬೆಸ್ಟ್ ಶೂಟರನ್ನು ನಾನು ಗಾರ್ಡ್ ಮಾಡಲಾ ಸರ್' ಎಂದು ಕೇಳು. ಯಾರಾದರೂ ಶಾಟ್ ಹಾಕಿದ ತಕ್ಷಣ ಬಾಲ್ ನೋಡುತ್ತಾ ನಿಲ್ಲಬೇಡ. ನಿನ್ನ ಪಕ್ಕದ ಎದುರಾಳಿ ಎಲ್ಲಿದ್ದಾಳೆ ನೋಡು. ಅವಳಿಗೂ ರಿಂಗಿಗೂ ನಡುವೆ ನಿಂತು, ಅವಳ ಕಡೆ ಬೆನ್ನು ಮಾಡಿ, ಮಂಡಿ ಬಗ್ಗಿಸಿ ಜಾಗ ಹಿಡಿ. ಆಮೇಲೆ ಬಾಲಿಗೆ ಹಾರು. ಬಾಕ್ಸ್ ಔಟ್ ಎನ್ನುವುದು ಇದನ್ನೇ. ಎತ್ತರ ಕಡಿಮೆ ಇದ್ದರೂ ಇದು ಕೈಹಿಡಿಯುತ್ತದೆ, ಆದರೆ ದಿನಾ ಮಾಡಬೇಕು.

ಶಾಟ್ ಕೂಡ ಬಿಡಬೇಡ. ಸದ್ಯ 6.75 ಮೀಟರಿನ ತ್ರೀ ಪಾಯಿಂಟ್ ಗೆರೆ ಹತ್ತಿರ ಹೋಗಬೇಡ. ರಿಂಗಿನ ಎರಡೂ ಬದಿಯಿಂದ ಓಡಿ ಬಂದು ಹತ್ತಿರದಿಂದ ಹಾಕುವ ಲೇಅಪ್, ಆಮೇಲೆ ಫೌಲ್ ಆದಾಗ ಗೆರೆ ಹತ್ತಿರ ನಿಂತು ಹಾಕುವ ಫ್ರೀ ಥ್ರೋ ಅಭ್ಯಾಸ ಮಾಡು. ಮಳೆ ಹಿಡಿದು ಕೋರ್ಟ್ ಒದ್ದೆಯಾದ ದಿನ ಅಲ್ಲಿ ಓಡಬೇಡ, ಕಾಲು ಉಳುಕುತ್ತದೆ. ಒಣಗಿದ ಜಗಲಿಯಲ್ಲಿ ಮಂಡಿ ಬಗ್ಗಿಸಿ ಅಡ್ಡಡ್ಡ ಹೆಜ್ಜೆ ಹಾಕು, ಹಗ್ಗದಾಟ ಆಡು.

ಅಪ್ಪನ ಆತಂಕ ಸುಳ್ಳಲ್ಲ. ಸಂಜೆ ಒಂದು ಗಂಟೆ ಆಟ, ಟೆಸ್ಟಿನಲ್ಲಿ ಮಾರ್ಕ್ಸ್ ಇಳಿದರೆ ಅದರಲ್ಲೂ ಕಡಿತ ಎಂದು ನೀನೇ ಮೊದಲು ಹೇಳು. ಆ ಮಾತಿಗೆ ತಪ್ಪಬೇಡ. ಒಂದು ಮ್ಯಾಚಿಗೆ ಅವರನ್ನೂ ಕರೆದುಕೊಂಡು ಹೋಗು. ನೀನು ಕಾಯಬೇಕಾದ ಹುಡುಗಿಯನ್ನು ಮೊದಲೇ ತೋರಿಸಿರು, ಏನು ನೋಡಬೇಕು ಎಂದು ಅವರಿಗೂ ಗೊತ್ತಾಗಲಿ.