ಎತ್ತಿಕೊಂಡು ಓಡಬಾರದಿತ್ತೇ?

ಪ್ರಶ್ನೆ: ಡಾಕ್ಟರೇ, ಮೂರು ತಿಂಗಳ ಹಿಂದೆ ನಮ್ಮ ತಂದೆ ಹಜಾರದಲ್ಲೇ ಕುಸಿದರು. ಹೃದಯಸ್ತಂಭನ. ಫೋನಿನಲ್ಲಿ ಹೇಳಿಕೊಟ್ಟ ಹಾಗೆ ತಮ್ಮ ಎದೆ ಒತ್ತಿದ. ಆಂಬುಲೆನ್ಸ್ ಬೇಗ ಬಂತು. ಬಂದವರು ಮಾತ್ರ ಸ್ಟ್ರೆಚರ್ ಇಳಿಸಲೇ ಇಲ್ಲ. ಟೀಪಾಯಿ ಪಕ್ಕಕ್ಕೆ ತಳ್ಳಿ, ನೆಲದ ಮೇಲೇ ಅರ್ಧ ಗಂಟೆ ಒತ್ತಿದರು. ನಾನು ಕೂಗಾಡಿದೆ. ಅಪ್ಪ ಉಳಿಯಲಿಲ್ಲ. ಆಸ್ಪತ್ರೆ ಹತ್ತೇ ನಿಮಿಷದ ದಾರಿ. ಎತ್ತಿಕೊಂಡು ಓಡಿದ್ದರೆ ಬದುಕುತ್ತಿದ್ದರೇ?
— ಹೆಸರು ಬೇಡ

ಉತ್ತರ: ಆಂಬುಲೆನ್ಸಿನಲ್ಲಿ ಹದಿನಾರು ವರ್ಷ ಓಡಾಡಿದವನು ನಾನು. ಶುರುವಿನಲ್ಲಿ "ಮೊದಲು ಎತ್ರೀ, ಆಮೇಲೆ ನೋಡೋಣ" ಎಂದು ಕೂಗುತ್ತಿದ್ದವನೂ ನಾನೇ.

ಓಡುವ ಗಾಡಿಯಲ್ಲಿ ಎದೆ ಒತ್ತುವುದು ಹೇಗಿರುತ್ತದೆ ಗೊತ್ತೇ? ಒಂದು ಕೈ ಮೇಲಿನ ಕಂಬಿ ಹಿಡಿದಿರುತ್ತದೆ. ತಿರುವಿನಲ್ಲಿ ಕಾಲು ಜಾರುತ್ತದೆ, ಬ್ರೇಕ್ ಬಿದ್ದರೆ ರೋಗಿಯ ಮೇಲೇ ಮುಗ್ಗರಿಸುತ್ತೇವೆ. ಬೇಕಾದದ್ದೋ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳ, ಬಿಡುವಿಲ್ಲದೆ. ಕೈಪಂಪು ಹೊಡೆದವರಿಗೆ ಇದು ಅರ್ಥವಾಗುತ್ತದೆ: ನಿಲ್ಲಿಸಿದರೆ ನೀರು ಕೆಳಗಿಳಿಯುತ್ತದೆ, ಮತ್ತೆ ನಾಲ್ಕಾರು ಸಲ ಖಾಲಿ ಹೊಡೆಯಬೇಕು. ರಕ್ತದ ಒತ್ತಡವೂ ಹಾಗೆಯೇ. ಎತ್ತುವಾಗ, ಬಾಗಿಲು ದಾಟಿಸುವಾಗ, ಗಾಡಿಗೆ ಏರಿಸುವಾಗ ಪ್ರತಿ ಸಲವೂ ಪಂಪು ನಿಲ್ಲುತ್ತದೆ.

ಉತ್ತರ ಅಮೆರಿಕದ ದೊಡ್ಡ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಒಂದೇ ತೆರನ ರೋಗಿಗಳನ್ನು ಜೋಡಿಸಿ ನೋಡಿದರೆ, ಹೃದಯ ನಿಂತಿರುವಾಗಲೇ ಸಾಗಿಸಿದವರಲ್ಲಿ ಬದುಕಿ ಆಸ್ಪತ್ರೆಯಿಂದ ಹೊರಬಂದವರು ಶೇ 4, ಬಿದ್ದಲ್ಲೇ ಉಪಚಾರ ಮುಂದುವರಿಸಿದವರಲ್ಲಿ ಶೇ 8.5. ಚೀಟಿ ಎತ್ತಿದಂತೆ ಗುಂಪು ಮಾಡಿದ ಪ್ರಯೋಗವಲ್ಲ ಅದು. ಹಾಗಾಗಿ ಅದೇ ಕೊನೆಯ ಮಾತು ಎನ್ನಲಾರೆ. ಆದರೂ ನನ್ನ ಕೂಗಾಟ ಅಲ್ಲಿಗೆ ನಿಂತಿತು.

ಆಸ್ಪತ್ರೆಯಲ್ಲಿ ಮೊದಲಿಗೆ ಹೃದಯಕ್ಕೆ ಕೊಡುವ ವಿದ್ಯುತ್ ಶಾಕ್, ಅಡ್ರಿನಲಿನ್ ಎಂಬ ಔಷಧ ಎರಡೂ ಸುಸಜ್ಜಿತ ಆಂಬುಲೆನ್ಸಿನಲ್ಲೇ ಇರುತ್ತವೆ. ಇರಿತದ ಗಾಯ, ತುಂಬು ಗರ್ಭಿಣಿ ಎಂದರೆ ಲೆಕ್ಕ ಬೇರೆ, ಅಲ್ಲಿ ಓಡಲೇಬೇಕು.

ನಿಮ್ಮ ತಂದೆ ಬದುಕುತ್ತಿದ್ದರೇ ಎಂಬುದನ್ನು ಯಾರೂ ಹೇಳಲಾರರು. ಓಡದೇ ಇದ್ದದ್ದು ಮಾತ್ರ ಉದಾಸೀನವಲ್ಲ. ತಪ್ಪಿದ್ದರೆ ಒಂದೇ: ಅವರಲ್ಲೊಬ್ಬರು ನಿಮ್ಮ ಕಡೆ ತಿರುಗಿ "ಅಲ್ಲಿ ಮಾಡೋದನ್ನೇ ಇಲ್ಲಿ ಮಾಡ್ತಿದ್ದೀವಮ್ಮಾ" ಎನ್ನಬೇಕಿತ್ತು. ಆ ಒಂದು ವಾಕ್ಯ ಕಲಿಯಲು ನನಗೂ ವರ್ಷಗಳೇ ಹಿಡಿದವು.

ಅಂದ ಹಾಗೆ, ಮೊದಲು ಎದೆ ಒತ್ತಿದವನು ನಿಮ್ಮ ತಮ್ಮ. ಈ ಮೂರು ತಿಂಗಳಲ್ಲಿ ಅವನನ್ನು ಯಾರಾದರೂ ಮಾತಾಡಿಸಿದಿರಾ?