‘ದಿ ಗುಡ್, ದಿ ಬ್ಯಾಡ್ ಆ್ಯಂಡ್ ದಿ ಅಗ್ಲಿ’ ಸಿನಿಮಾ ಒಂದೊಂದು ಡಿಸ್ಕ್‌ನಲ್ಲಿ ಒಂದೊಂದು ಥರ ಯಾಕಿದೆ? ಯಾವುದನ್ನು ಕೊಳ್ಳಲಿ?

ಮೊದಲ ತಲೆನೋವು ಉದ್ದದ್ದು. 1966ರಲ್ಲಿ ಇಟಲಿಯಲ್ಲಿ ಬಂದಾಗ ಚಿತ್ರ ಸುಮಾರು ಮೂರು ಗಂಟೆ ಇತ್ತು. ಅಮೆರಿಕಕ್ಕೆ ಹೋಗುವಾಗ ಕತ್ತರಿ ಹಾಕಿ 161 ನಿಮಿಷಕ್ಕೆ ಇಳಿಸಿದರು. ಹಾಗೆ ತೆಗೆದ ದೃಶ್ಯಗಳಿಗೆ ಇಂಗ್ಲಿಷ್ ಡಬ್ಬಿಂಗೇ ಇರಲಿಲ್ಲ. ಹೊಸ ಸಹಸ್ರಮಾನದಲ್ಲಿ, 2003ರ ಆವೃತ್ತಿಗಾಗಿ, ಅವನ್ನು ಮತ್ತೆ ಸೇರಿಸಿ, ಅದರ ನಟರಾದ ಕ್ಲಿಂಟ್ ಈಸ್ಟ್‌ವುಡ್ ಮತ್ತು ಈಲೈ ವಾಲಕ್ ಅವರಿಂದಲೇ ಮಾತು ಹೇಳಿಸಿದರು. ಈಸ್ಟ್‌ವುಡ್‌ಗೆ ಆಗ 70 ದಾಟಿತ್ತು. ತೆರೆಯ ಮೇಲೆ ಹುಡುಗನ ಮುಖ, ಕೇಳುವುದು ಅಜ್ಜನ ದನಿ! ಇನ್ನೊಬ್ಬ ನಟ ಲೀ ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರು, ಅವರ ಮಾತನ್ನು ಬೇರೆಯವರು ಹೇಳಿದರು.

ಇನ್ನು ಬಣ್ಣ. 2014ರ ಬ್ಲೂ-ರೇ ನೋಡಿದರೆ ಆಕಾಶವನ್ನೂ ಅರಿಶಿನದ ನೀರಲ್ಲಿ ಅದ್ದಿ ತೆಗೆದ ಹಾಗಿದೆ. ಚಿತ್ರ ಸ್ಪಷ್ಟ, ಆದರೆ ಆ ಹಳದಿ ನನಗಂತೂ ಸೇರಲಿಲ್ಲ. 2021ರಲ್ಲಿ ಕಿನೋ ಲಾರ್ಬರ್ ಕಂಪನಿ ತಂದ 4ಕೆ (ಬ್ಲೂ-ರೇಗಿಂತ ಹೆಚ್ಚು ವಿವರ ತೋರಿಸುವ) ಡಿಸ್ಕ್‌ನಲ್ಲಿ ಅದು ಬಹಳ ಕಮ್ಮಿ. ಅದರಲ್ಲಿರುವುದು ಅಮೆರಿಕದ ಚಿಕ್ಕ ಆವೃತ್ತಿ. ನಾನಾದರೆ ಅದನ್ನೇ ಕೊಳ್ಳುತ್ತೇನೆ.

ತೆರೆಯ ಮೇಲೆ ಮರಳಿನಂತೆ ಕಾಳುಕಾಳು ಕಂಡರೆ ಡಿಸ್ಕ್ ಹಾಳಾಗಿದೆ ಅಂದುಕೊಳ್ಳಬೇಡಿ. ಈ ಸಿನಿಮಾವನ್ನು ಟೆಕ್ನಿಸ್ಕೋಪ್ ಎಂಬ ಚಿತ್ರೀಕರಣ ವಿಧಾನದಲ್ಲಿ ತೆಗೆದದ್ದು. ಮಾಮೂಲಿ 35 ಎಂಎಂ ಫಿಲ್ಮ್‌ನಲ್ಲಿ ಒಂದು ಫ್ರೇಮ್‌ಗೆ ಅಂಚಿನ 4 ತೂತುಗಳಷ್ಟು ಎತ್ತರ, ಇಲ್ಲಿ ಬರೀ 2. ಅರ್ಧ ಫಿಲ್ಮ್ ಉಳಿತಾಯ, ಬಡ ನಿರ್ಮಾಪಕರಿಗೆ ವರ. ಫ್ರೇಮ್ ಚಿಕ್ಕದಾದ್ದರಿಂದ ಹಿಗ್ಗಿಸಿದಾಗ ಕಾಳು ಜಾಸ್ತಿ ಕಾಣುತ್ತದೆ. ಅದನ್ನು ಪೂರ್ತಿ ಒರೆಸಿ ಹಾಕಿದರೆ ಮುಖಗಳು ಮೇಣದ ಗೊಂಬೆಯಂತಾಗುತ್ತವೆ.