ಮಗನ ಖಾತೆಗೆ ಅಡ್ಮಿನ್ ಅಧಿಕಾರ ಬೇಡ

ಮನೆಯವರೆಲ್ಲರೂ ಒಂದೇ ಖಾತೆಯಿಂದ ಬಳಸುವ ವಿಂಡೋಸ್ 11 ಕಂಪ್ಯೂಟರಿನಲ್ಲಿ ಮಗ ಕಂಡಕಂಡ ಆಟಗಳನ್ನು ಇಳಿಸಿಕೊಳ್ಳುವುದನ್ನು ತಡೆಯುವುದು ಹೇಗೆಂದು ಕೇಳಿದ್ದೀರಿ. ತೊಡಕಿರುವುದು ಆ ಒಂದೇ ಖಾತೆಯಲ್ಲಿ. ಅದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ (ತಂತ್ರಾಂಶ ಹಾಕುವ, ಸೆಟ್ಟಿಂಗ್ ಬದಲಿಸುವ ಪೂರ್ಣ ಹಕ್ಕು) ಇರುವುದರಿಂದ, ಅನುಮತಿ ಕೇಳುವ ಚೌಕ ಪರದೆಯ ಮೇಲೆ ಬಂದಾಗ ಹುಡುಗ 'ಯೆಸ್' ಒತ್ತಿದರೆ ಮುಗಿಯಿತು. ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಅವನಿಗೆ ಪ್ರತ್ಯೇಕವಾಗಿ, ಆ ಅಧಿಕಾರವಿಲ್ಲದ 'ಸ್ಟ್ಯಾಂಡರ್ಡ್ ಯೂಸರ್' ಖಾತೆ ತೆರೆದು, ನಿಮ್ಮ ಖಾತೆಗೆ ಪಾಸ್‌ವರ್ಡ್ ಹಾಕಿಕೊಂಡರೆ, ಅದೇ ಚೌಕ ಇನ್ನು ಮುಂದೆ ನಿಮ್ಮ ಪಾಸ್‌ವರ್ಡನ್ನು ಕೇಳುತ್ತದೆ (ಅವನ ಹುಟ್ಟಿದ ದಿನಾಂಕವನ್ನು ಮಾತ್ರ ಇಡಬೇಡಿ). ಆದರೂ ಒಂದು ಕಿಂಡಿ ಉಳಿಯುತ್ತದೆ: ಹರಟೆಯ ಆ್ಯಪ್ ಆದ ಡಿಸ್ಕಾರ್ಡ್‌ನಂಥ ಕೆಲವು ತಂತ್ರಾಂಶಗಳು ಬಳಕೆದಾರನ ಸ್ವಂತ 'ಆ್ಯಪ್‌ಡೇಟಾ' ಫೋಲ್ಡರಿನೊಳಗೇ ಕುಳಿತುಕೊಳ್ಳುವುದರಿಂದ ಪಾಸ್‌ವರ್ಡ್ ಕೇಳುವುದೇ ಇಲ್ಲ. ಆದ್ದರಿಂದ ನಿಮ್ಮ ಖಾತೆಯಿಂದಲೇ ಆ್ಯಪ್ಸ್ ವಿಭಾಗದ 'ಅಡ್ವಾನ್ಸ್ಡ್ ಆ್ಯಪ್ ಸೆಟ್ಟಿಂಗ್ಸ್'ಗೆ ಹೋಗಿ, ಮೈಕ್ರೋಸಾಫ್ಟ್ ಸ್ಟೋರಿನಿಂದ ಮಾತ್ರ ಆ್ಯಪ್ ಪಡೆಯುವ ಆಯ್ಕೆಯನ್ನು ಆರಿಸಿ. ಸ್ಟೋರಿನಲ್ಲಿರುವ ಆಟಗಳಿಗೆ ವಯಸ್ಸಿನ ಮಿತಿ ಹಾಕಲು ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ ಇದೆ.